ಮುಂಬೈಗೆ ಒಂದೇ ದಿನ ಹೋಗೋದಾದರೆ ಬೆಳಿಗ್ಗೆ ಸಿಎಸ್‌ಎಂಟಿ ಬೇಡ

ಗೋಣಿಕೊಪ್ಪದ ಗೆಳೆಯರೇ, ನಿಮ್ಮ ಪ್ಲ್ಯಾನ್ ಓದಿದೆ. ಕಾಫಿ ಕೊಯ್ಲು ಮುಗಿಸಿ ಮಾರ್ಚ್‌ನಲ್ಲಿ ಮುಂಬೈ, ಬೆಳಿಗ್ಗೆ ಎಂಟಕ್ಕೆ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ರೈಲು ನಿಲ್ದಾಣ), ಮಧ್ಯಾಹ್ನ ರಾಜಾಬಾಯಿ ಗಡಿಯಾರದ ಟವರ್, ಸಂಜೆ ಓವಲ್ ಮೈದಾನದ ಆರ್ಟ್ ಡೆಕೊ (1930ರ ಸುಮಾರಿನ ಶೈಲಿಯ ಕಟ್ಟಡಗಳು) ಅಂತ ಹಾಕಿದ್ದೀರಿ. ಪೂರ್ತಿ ಉಲ್ಟಾ. ನಾನೂ ಮೊದಲ ಸಲ ಹೀಗೇ ಹೋಗಿ ಬರೀ ಕಪ್ಪು ಫೋಟೋ ತಂದೆ.

ಬಿಸಿಲು ಯಾವ ಕಡೆಯಿಂದ ಬೀಳುತ್ತೆ ಅನ್ನೋದನ್ನ ಮೊದಲು ನೋಡಿ, ಆಮೇಲೆ ಪಟ್ಟಿ ಮಾಡಿ. ಓವಲ್‌ನ ಪೂರ್ವಕ್ಕೆ ಹೈಕೋರ್ಟ್, ಯೂನಿವರ್ಸಿಟಿ, ರಾಜಾಬಾಯಿ ಟವರ್. ಅವು ಪಶ್ಚಿಮಕ್ಕೆ ಮುಖ ಮಾಡಿವೆ. ಎದುರುಗಡೆ, ಮೈದಾನದ ಪಶ್ಚಿಮಕ್ಕೆ, ಎಂಪ್ರೆಸ್ ಕೋರ್ಟ್, ರಜ್ಜಬ್ ಮಹಲ್ ಸಾಲು. ಅವುಗಳ ಮುಖ ಪೂರ್ವಕ್ಕೆ. ಹಾಗಾಗಿ ಬೆಳಿಗ್ಗೆ ಏಳಕ್ಕೆ ಆರ್ಟ್ ಡೆಕೊ ಸಾಲಿನ ಮುಂದೆ ನಿಲ್ಲಿ. ಎಳೆ ಬಿಸಿಲಿಗೆ ದುಂಡಗಿನ ಬಾಲ್ಕನಿಗಳು, ಕಿಟಕಿ ಮೇಲೆ ಹುಬ್ಬಿನ ಹಾಗೆ ಚಾಚಿದ ಸಜ್ಜಾಗಳು, ಗೋಡೆ ಮೇಲೆ ಬರೆದ ಕಟ್ಟಡದ ಹೆಸರಿನ ಅಕ್ಷರಗಳು, ಎಲ್ಲದರ ನೆರಳೂ ಚೂಪಾಗಿ ಬೀಳುತ್ತೆ. ಹತ್ತು ಗಂಟೆ ದಾಟಿದರೆ ಅದೇ ಗೋಡೆ ಸಪ್ಪೆ. ಅಲ್ಲೇ ಉತ್ತರಕ್ಕೆ ನಡೆದರೆ 1938ರ ಇರೋಸ್ ಟಾಕೀಸು. ಈ ಎರಡೂ ಸಾಲು, ಮರೀನ್ ಡ್ರೈವ್ ಕಟ್ಟಡಗಳೂ ಸೇರಿ ಒಟ್ಟು 94 ಕಟ್ಟಡಗಳು 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ. ಎಲ್ಲಾ 94 ನೋಡ್ತೀನಿ ಅಂತ ಮಾತ್ರ ಹೊರಡಬೇಡಿ.

ಸಿಎಸ್‌ಎಂಟಿ ಮುಖವೂ ಪಶ್ಚಿಮಕ್ಕೇ. ಬೆಳಿಗ್ಗೆ ಎಂಟಕ್ಕೆ ಹೋದರೆ ಸೂರ್ಯ ಗುಮ್ಮಟದ ಹಿಂದೆ ಇರ್ತಾನೆ. ನಾಲ್ಕು ಗಂಟೆ ಮೇಲೆ ಹೋಗಿ. 1878ರಲ್ಲಿ ಶುರುವಾಗಿ 1887ರಲ್ಲಿ ಮುಗಿದ ಕೆಲಸ ಅದು, ಎಫ್. ಡಬ್ಲ್ಯೂ. ಸ್ಟೀವನ್ಸ್ ವಿನ್ಯಾಸ. ಗೇಟಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ. ಗೋಡೆ ತುಂಬಾ ಕಲ್ಲಿನ ಪ್ರಾಣಿ, ಎಲೆ, ಬಳ್ಳಿ. ಇವು ಬರಿಗಣ್ಣಿಗೆ ಸರಿಯಾಗಿ ಕಾಣಲ್ಲ. ಹಕ್ಕಿ ನೋಡೋಕೆ ಇಟ್ಟುಕೊಂಡಿರೋ ದುರ್ಬೀನು ತಗೊಂಡು ಹೋಗಿ. ನನ್ನ ಹತ್ತಿರ ಒಲಿಂಪಸ್ 8x40 ಇದೆ, ಅಷ್ಟು ಸಾಕು, 10x ಕೈಯಲ್ಲಿ ನಡುಗುತ್ತೆ. ದಯವಿಟ್ಟು ಫೋನಿನ 0.5 ವೈಡ್‌ನಲ್ಲಿ ಟವರ್ ತೆಗೆಯಬೇಡಿ, ಕಟ್ಟಡ ಹಿಂದಕ್ಕೆ ವಾಲಿದ ಹಾಗೆ ಬರುತ್ತೆ. ದೂರ ನಿಂತು ಝೂಮ್ ಮಾಡಿ. ಟ್ರೈಪಾಡ್ ಬಿಟ್ಟು ಹೋಗಿ, ಪೊಲೀಸರು ಕೇಳ್ತಾರೆ. ಹೈಕೋರ್ಟ್ ಹತ್ತಿರ ಫೋಟೋ ಬೇಡ ಅಂದರೆ ವಾದ ಬೇಡ, ಸುಮ್ನೆ ಮುಂದೆ ನಡೀರಿ.

ಮಧ್ಯಾಹ್ನಕ್ಕೆ ಬಿಸಿಲಿಗೆ ಸಂಬಂಧ ಇಲ್ಲದ್ದನ್ನ ಇಟ್ಟುಕೊಳ್ಳಿ. ಡಿ.ಎನ್. ರೋಡಿನ ಕಮಾನುಗಳ ಕೆಳಗೆ ನೆರಳಲ್ಲೇ ನಡೆದು ಫ್ಲೋರಾ ಫೌಂಟನ್ (1864), ಅಲ್ಲಿಂದ ಕಾಲಾ ಘೋಡಾ. 2017ರಲ್ಲಿ ನಿಲ್ಲಿಸಿದ ಸವಾರನಿಲ್ಲದ ಕರಿಕುದುರೆ ಅಲ್ಲಿದೆ. ಮೊದಲು ಅಲ್ಲಿದ್ದ ಹಳೇ ಕುದುರೆ ಪ್ರತಿಮೆ ಮೇಲೆ ಬ್ರಿಟನ್ನಿನ ಏಳನೇ ಎಡ್ವರ್ಡ್ ಕೂತಿದ್ದ, ಅದು ಈಗ ಬೈಕುಲ್ಲಾ ಪಾರ್ಕಿನಲ್ಲಿದೆ. ಪಕ್ಕದ ಜಹಾಂಗೀರ್ ಗ್ಯಾಲರಿ ಬೆಳಿಗ್ಗೆ ಹನ್ನೊಂದಕ್ಕೆ ತೆರೆಯುತ್ತೆ. ಒಳಗೆ ಬೇಸರ ಬಂದರೂ ಹೊರಗೆ ಫುಟ್‌ಪಾತ್ ಕಲಾವಿದರನ್ನ ನೋಡದೆ ಬರಬೇಡಿ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದನ್ನ ಸೇರಿಸಿ. ಫೋರ್ಟ್ ಅನ್ನೋ ಇದೇ ಪ್ರದೇಶದಲ್ಲಿ ನ್ಯೂ ಇಂಡಿಯಾ ಅಶ್ಯೂರೆನ್ಸ್ ಕಟ್ಟಡ, 1936ರದ್ದು. ಮುಂಭಾಗದಲ್ಲಿ ಎನ್. ಜಿ. ಪಾನ್ಸರೆ ಮಾಡಿದ ಎತ್ತರದ ಉಬ್ಬುಶಿಲ್ಪಗಳಿವೆ, ದುಡಿಯೋ ಜನರದ್ದು. ಬೀದಿಯಲ್ಲೇ ನಿಂತು ನೋಡಬಹುದು, ಟಿಕೆಟ್ ಇಲ್ಲ. ಎಲ್ಲರೂ ಗೇಟ್‌ವೇ ಅಂತ ಓಡ್ತಾರೆ, ಇದನ್ನ ಯಾರೂ ತಲೆ ಎತ್ತಿ ನೋಡಲ್ಲ. ನನಗೆ ಇಡೀ ಫೋರ್ಟ್‌ನಲ್ಲಿ ಜಾಸ್ತಿ ಇಷ್ಟವಾಗಿದ್ದು ಇದೇ.

ಸಿಎಸ್‌ಎಂಟಿ ಮುಗಿಸಿ ಐದೂಕಾಲಿಗೆ ಮತ್ತೆ ಓವಲ್‌ಗೆ ಬನ್ನಿ. ಆಗ ರಾಜಾಬಾಯಿ ಟವರ್ ಮೇಲೆ ಪೂರ್ತಿ ಬೆಳಕು. 85 ಮೀಟರ್ ಎತ್ತರ, ವ್ಯಾಪಾರಿ ಪ್ರೇಮಚಂದ್ ರಾಯ್‌ಚಂದ್ ತಾಯಿಯ ಹೆಸರಲ್ಲಿ ದುಡ್ಡು ಕೊಟ್ಟು ಕಟ್ಟಿಸಿದ್ದು. ಕ್ರಿಕೆಟ್ ಆಡೋ ಹುಡುಗರನ್ನ ಮುಂದೆ ಬಿಟ್ಟುಕೊಂಡು ತೆಗೆದರೆ ಅಳತೆ ಗೊತ್ತಾಗುತ್ತೆ. ಆಮೇಲೆ ಮರೀನ್ ಡ್ರೈವ್. ಅಲ್ಲಿನ ಮನೆಗಳು ಕಡಲಿಗೆ, ಅಂದರೆ ಪಶ್ಚಿಮಕ್ಕೆ ನೋಡ್ತವೆ, ಮುಳುಗೋ ಬಿಸಿಲು ಅವಕ್ಕೇ ಬೀಳುತ್ತೆ. ಎಲ್ಲರೂ ಸಮುದ್ರ ನೋಡ್ತಾ ಕೂತಿರ್ತಾರೆ, ನೀವು ಕಡಲಿಗೆ ಬೆನ್ನು ಹಾಕಿ ನಿಲ್ಲಿ.

ಈ ಲೆಕ್ಕ ಮಾರ್ಚ್‌ಗೆ ಸರಿ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ಜೂನ್ ನಂತರ ನಮ್ಮಲ್ಲಿನ ಹಾಗೇ ಮಳೆ, ಆಗ ಹೊರಡೋದೇ ಬೇಡ. ಹೋಗೋ ಮುಂಚೆ ಮಡಿಕೇರಿ ಗದ್ದಿಗೆಗೆ (ಕೊಡಗಿನ ರಾಜರ ಸಮಾಧಿ) ಒಂದು ಬೆಳಿಗ್ಗೆ, ಒಂದು ಸಂಜೆ ಹೋಗಿ ಒಂದೇ ಗುಮ್ಮಟದ ಫೋಟೋ ತೆಗೆದು ಹೋಲಿಸಿ. ವ್ಯತ್ಯಾಸ ಅಲ್ಲೇ ಗೊತ್ತಾಗುತ್ತೆ.

ಟ್ಯಾಕ್ಸಿ ಬೇಡ, ಇದೆಲ್ಲ ನಡೆಯೋ ದೂರ. ಹೊಸ ಶೂ ಹಾಕ್ಕೊಂಡು ಹೋಗಬೇಡಿ, ತೋಟದಲ್ಲಿ ಹಾಕಿ ಪಳಗಿದ್ದೇ ಸಾಕು. ಭಾನುವಾರ ಆದರೆ ಫೋರ್ಟ್‌ನಲ್ಲಿ ಆಫೀಸು ಮುಚ್ಚಿ ರಸ್ತೆ ಖಾಲಿ ಇರುತ್ತೆ, ಕಟ್ಟಡದ ಮುಂದೆ ಬಸ್ಸು ಅಡ್ಡ ಬರೋದು ಕಡಿಮೆ. ಧೋಬಿ ತಲಾವ್‌ನ ಕಯಾನಿಯಲ್ಲಿ ಬನ್ ಮಸ್ಕಾ ತಿನ್ನಿ, 1904ರ ಇರಾನಿ ಹೋಟೆಲು. ಅಲ್ಲಿ ಚಹಾನೇ ಕುಡಿಯಿರಿ, ಕಾಫಿ ಮನೆಗೆ ಬಂದ ಮೇಲೆ.