ಹೊರಹೋಗುವ ಮೇಲ್‌ಗೂ ಜರಡಿ ಬೇಕೇ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ. 40 ಖಾತೆಗಳ ಸ್ವಂತ ಮೇಲ್ ಸರ್ವರ್ ಇದೆ. ಒಳಬರುವ ಮೇಲ್‌ಗಷ್ಟೇ ಸ್ಪ್ಯಾಮ್ ತಪಾಸಣೆ. ಹೊರಹೋಗುವುದಕ್ಕೂ ಹಾಕೋಣ ಎನ್ನುತ್ತಾನೆ ಸರ್ವರ್ ನೋಡಿಕೊಳ್ಳುವ ಹುಡುಗ. ನಮ್ಮವರೇ ಬರೆಯುವ ಕೊಟೇಶನ್, ಬಿಲ್‌ಗಳಿಗೆ ಅದೇಕೆ? ಗಿರಾಕಿಗೆ ಹೋಗಬೇಕಾದದ್ದು ನಡುವೆಯೇ ನಿಂತರೆ?

ಉತ್ತರ: ಹುಡುಗನ ಮಾತು ಕೇಳಿ. ನಿಮ್ಮವರು ಸ್ಪ್ಯಾಮ್ ಬರೆಯುವುದಿಲ್ಲ, ಖರೆ. ಆದರೆ ನಿಮ್ಮವರ ಪಾಸ್‌ವರ್ಡ್ ಕದ್ದವನು ಬರೆಯುತ್ತಾನೆ, ಅದೂ ಶನಿವಾರ ರಾತ್ರಿ, ಆಫೀಸಿನಲ್ಲಿ ಯಾರೂ ಇಲ್ಲದಾಗ. ಸೋಮವಾರದ ಹೊತ್ತಿಗೆ ಸರ್ವರ್‌ನ ಐಪಿ ವಿಳಾಸ ಬೇರೆ ಸರ್ವರ್‌ಗಳು ಸ್ಪ್ಯಾಮ್ ತಡೆಯಲು ನೋಡುವ ಸ್ಪ್ಯಾಮ್‌ಹೌಸ್‌ನಂಥ ಕಪ್ಪುಪಟ್ಟಿ ಸೇರಿರುತ್ತದೆ. ಆಮೇಲೆ ಪುಣೆಯ ಗಿರಾಕಿಗೆ ಕಳಿಸಿದ ನಿಜವಾದ ಕೊಟೇಶನ್ನೂ ವಾಪಸ್ ಬರುತ್ತದೆ. ಸ್ಪ್ಯಾಮ್ ಎಂಬ ದೂರು ಶೇ 0.3ಕ್ಕಿಂತ ಕೆಳಗಿರಲಿ ಎಂದು 2024ರ ಫೆಬ್ರವರಿಯಿಂದ ಜಿಮೇಲ್ ನಿಯಮ ಮಾಡಿದೆ. ಅಂದರೆ ಸಾವಿರಕ್ಕೆ ಮೂರು ಮೇಲ್! ಮೇಲ್ ನಿಮ್ಮ ಸರ್ವರ್‌ನಿಂದಲೇ ಬಂದದ್ದೆಂದು ಸಾರುವ ಎಸ್‌ಪಿಎಫ್ ಪಟ್ಟಿ, ಡಿಕಿಮ್ ಸಹಿ ಎಲ್ಲ ಸರಿಯಿದ್ದರೂ ಇಲ್ಲಿ ರಕ್ಷಣೆಯಿಲ್ಲ. ಕಳ್ಳನ ಮೇಲ್‌ಗೂ ನಿಮ್ಮದೇ ಸಹಿ ಬಿದ್ದಿರುತ್ತದೆ.

ಆದರೂ ಜರಡಿಗಿಂತ ಮೊದಲು ಮಿತಿ ಹಾಕಿ. ಒಂದು ಖಾತೆಯಿಂದ ಗಂಟೆಗೆ 100 ಮೇಲ್ ನಿಮ್ಮಂಥವರಿಗೆ ಧಾರಾಳವಾಯಿತು. ಜರಡಿಯ ಕಣ್ಣು ತಪ್ಪಿಸುವಷ್ಟು ನಯವಾಗಿ ಬರೆದ ಸ್ಪ್ಯಾಮ್ ಕೂಡ ಈ ಮಿತಿಗೆ ಸಿಕ್ಕಿಬೀಳುತ್ತದೆ.

ನಿಮ್ಮ ಎರಡನೇ ಭಯ ನ್ಯಾಯವಾದದ್ದು. ಅನುಮಾನ ಬಂದ ಮೇಲನ್ನು ಸದ್ದಿಲ್ಲದೆ ನುಂಗುವ ಸರ್ವರ್ ನನ್ನ ಮಟ್ಟಿಗೆ ಸ್ಪ್ಯಾಮ್‌ಗಿಂತ ಕೆಟ್ಟದ್ದು: ಕಳಿಸಿದವರು ಮುಟ್ಟಿತೆಂದು ನಂಬಿ ಕೂತಿರುತ್ತಾರೆ. ಮೇಲ್ ತೆಗೆದುಕೊಳ್ಳುವಾಗಲೇ ಸರ್ವರ್ 550, ಅಂದರೆ ‘ಒಲ್ಲೆ’ ಎಂಬ ಸಂಕೇತದ ಉತ್ತರ ಕೊಟ್ಟು ನಿರಾಕರಿಸಲಿ. ಆಗ ಕಳಿಸುವವರ ಪರದೆಯ ಮೇಲೆ ತಕ್ಷಣ ಕಾಣುತ್ತದೆ, ಫೋನಾದರೂ ಮಾಡಿ ವಿಷಯ ಮುಟ್ಟಿಸುತ್ತಾರೆ. ಸ್ಪ್ಯಾಮ್‌ಅಸ್ಯಾಸಿನ್ ಎಂಬ ಜರಡಿ ತಂತ್ರಾಂಶ ಪ್ರತಿ ಮೇಲ್‌ಗೆ ಅನುಮಾನದ ಅಂಕ ಕೊಟ್ಟು, ಮಾಮೂಲಾಗಿ 5 ಅಂಕಕ್ಕೇ ಸ್ಪ್ಯಾಮ್ ಎನ್ನುತ್ತದೆ. ಹೊರಹೋಗುವುದಕ್ಕೆ 8ರಿಂದ 10 ಇಡಿ.

ಎಷ್ಟೋ ಕಡೆ ಎಡವುವುದು ಇನ್ನೊಂದರಲ್ಲಿ. ಒಳಬರುವ ಮೇಲ್‌ನ ನಿಯಮಗಳನ್ನೇ ಹಾಗ್‌ಹಾಗೇ ಇತ್ತ ಹಾಕಿಬಿಡುತ್ತಾರೆ. ಮನೆ ಬ್ರಾಡ್‌ಬ್ಯಾಂಡ್, ಮೊಬೈಲ್ ಐಪಿಗಳು ಕೆಲವು ಕಪ್ಪುಪಟ್ಟಿಗಳಲ್ಲಿ ಸಾರಾಸಗಟಾಗಿ ಇರುತ್ತವೆ. ಹೀಗಾಗಿ ಹುಬ್ಬಳ್ಳಿ ದಾರಿಯಲ್ಲಿ ಫೋನಿನಿಂದ ಬಿಲ್ ಕಳಿಸುವ ನಿಮ್ಮ ಮಾರಾಟದವರೇ ಸಿಕ್ಕಿಹಾಕಿಕೊಳ್ಳುತ್ತಾರೆ. ಪಾಸ್‌ವರ್ಡ್ ಕೊಟ್ಟು ಒಳಬಂದವರಿಗೆ ಐಪಿ ತಪಾಸಣೆ ಬಿಡಿಸಿ, ಬರಹ ಮತ್ತು ಲಿಂಕ್‌ಗಳನ್ನಷ್ಟೇ ನೋಡಲಿ.

ಯಾರಾದರೂ ಆಫೀಸಿನ ಮೇಲನ್ನು ತಮ್ಮ ಜಿಮೇಲ್‌ಗೆ ಫಾರ್ವರ್ಡ್ ಹಾಕಿಕೊಂಡಿದ್ದಾರೆಯೇ ಎಂದೂ ವಿಚಾರಿಸಿ. ಅವರಿಗೆ ಬಂದ ಸ್ಪ್ಯಾಮ್ ನಿಮ್ಮ ಸರ್ವರ್‌ನಿಂದಲೇ ಮುಂದಕ್ಕೆ ಹೋಗುತ್ತದೆ, ಕೆಟ್ಟ ಹೆಸರು ನಿಮಗೆ ಬರುತ್ತದೆ.