ನಾಳೆಯ ಮಾತಿಗೆ ‘ವಿಲ್’ ಒಂದೇ ಸಾಕೇ?

ಪ್ರಶ್ನೆ: ಮುಂದೆ ನಡೆಯುವುದನ್ನೆಲ್ಲ ನಾನು ‘ವಿಲ್’ ಹಾಕಿಯೇ ಹೇಳುತ್ತೇನೆ. ‘ಐ ವಿಲ್ ಮೀಟ್ ದ ಡಾಕ್ಟರ್ ಟುಮಾರೋ’ ಎಂದಾಗ ಸಹೋದ್ಯೋಗಿಯೊಬ್ಬರು ‘ಐ ಆ್ಯಮ್ ಮೀಟಿಂಗ್’ ಅನ್ನಿ ಎಂದರು. ನಾಳೆಯ ಮಾತಿಗೆ ವರ್ತಮಾನ ಕಾಲವೇಕೆ? ‘ಗೋಯಿಂಗ್ ಟು’ ಬಳಸುವುದು ಯಾವಾಗ?

ಉತ್ತರ: ನಿಮ್ಮ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ಡಾಕ್ಟರನ್ನು ಕಾಣುವ ಯೋಚನೆ ಈಗಷ್ಟೇ ಹೊಳೆದಂತೆ ಕೇಳಿಸಬಹುದು. ಸಮಯ ನಿಗದಿಯಾಗಿದೆ, ಅದು ಅವರಿಗೂ ಗೊತ್ತು ಎಂದಾದರೆ ‘ಐ ಆ್ಯಮ್ ಮೀಟಿಂಗ್’ ಎನ್ನುವುದೇ ಸಹಜ.

ವರ್ತಮಾನ ಕಾಲ ಕಂಡು ಬೆಚ್ಚಬೇಡಿ. ‘ದಿನಾ ಬರ್ತೀನಿ’, ‘ನಾಳೆ ಬರ್ತೀನಿ’ ಎರಡಕ್ಕೂ ನಮ್ಮಲ್ಲಿ ಕ್ರಿಯಾಪದ ಒಂದೇ. ‘ಬರುವೆನು’ ಪುಸ್ತಕದಲ್ಲಿ ಉಂಟು, ಮಾತಿನಲ್ಲಿ ಅಪರೂಪ. ಇಂಗ್ಲಿಷಿನಲ್ಲಂತೂ ಭವಿಷ್ಯತ್ ಕಾಲಕ್ಕೆಂದೇ ಪ್ರತ್ಯಯವಿಲ್ಲ. ‘ವಿಲ್’ ಕೂಡ ಮೂಲದಲ್ಲಿ ‘ಬಯಸು’ ಎಂಬರ್ಥದ ಪದ.

‘ವಿಲ್’, ‘ಗೋಯಿಂಗ್ ಟು’ಗಳ ವ್ಯತ್ಯಾಸಕ್ಕೆ ನಿಮ್ಮ ಕನ್ನಡವನ್ನೇ ಕೇಳಿಸಿಕೊಳ್ಳಿ. ‘ಈಜು ಕಲೀಬೇಕು ಅಂತಿದ್ದೀನಿ’ ಅಂದರೆ ಮನಸ್ಸು ಮೊದಲೇ ಮಾಡಿಯಾಗಿದೆ: ‘ಐ ಆ್ಯಮ್ ಗೋಯಿಂಗ್ ಟು ಲರ್ನ್ ಸ್ವಿಮ್ಮಿಂಗ್’. ಫೋನ್ ರಿಂಗಾಯಿತು, ‘ಇರಿ, ನಾನು ನೋಡ್ತೀನಿ’ ಎಂದು ಎದ್ದಿರಿ: ‘ಐ ವಿಲ್ ಗೆಟ್ ಇಟ್’. ಇಲ್ಲಿ ‘ಗೋಯಿಂಗ್ ಟು’ ಹಾಕಿದರೆ ಫೋನ್ ಬರುವುದು ನಿಮಗೆ ಮೊದಲೇ ಗೊತ್ತಿತ್ತೇನೋ ಅನ್ನಿಸುತ್ತದೆ!

ಊಹೆಯ ಮಾತೂ ಹೀಗೆಯೇ. ಮೋಡ ಕವಿದದ್ದು ಕಣ್ಣೆದುರೇ ಇದೆ, ‘ಮಳೆ ಬರೋ ಹಾಗಿದೆ’: ‘ಇಟ್ ಈಸ್ ಗೋಯಿಂಗ್ ಟು ರೇನ್’. ‘ಅವಳು ಗೆಲ್ತಾಳೆ ಅನ್ಸುತ್ತೆ’ ಎಂಬುದು ಬರೀ ಅಭಿಪ್ರಾಯ: ‘ಐ ಥಿಂಕ್ ಶಿ ವಿಲ್ ವಿನ್’. ಊಹೆಯಲ್ಲಿ ಇವೆರಡರ ನಡುವಿನ ಗೆರೆ ಪಠ್ಯಪುಸ್ತಕ ಹೇಳುವಷ್ಟು ಖಡಕ್ ಅಲ್ಲ. ಅದಲುಬದಲಾದರೂ ಯಾರೂ ತಪ್ಪು ತಿಳಿಯುವುದಿಲ್ಲ.

ರೈಲು, ತರಗತಿಗಳ ವೇಳಾಪಟ್ಟಿಗೆ ಸಾದಾ ವರ್ತಮಾನ ಸಾಕು: ‘ದ ಟ್ರೇನ್ ಲೀವ್ಸ್ ಅಟ್ 6’.

ನಿಜಕ್ಕೂ ತಿದ್ದಿಕೊಳ್ಳಬೇಕಾದ್ದು ‘ಇಫ್ ಹಿ ವಿಲ್ ಕಮ್’ ಎಂಬಂಥ ಬಳಕೆ. ಷರತ್ತು ಹೇಳುವ ‘ಇಫ್’, ಸಮಯ ಹೇಳುವ ‘ವೆನ್’, ‘ಬಿಫೋರ್’, ‘ಅಂಟಿಲ್’ ಇವುಗಳ ಬೆನ್ನಿಗೆ ‘ವಿಲ್’ ಸಾಮಾನ್ಯವಾಗಿ ಬರದು. ನಾವೂ ‘ಬರುತ್ತಾನೆ ಆದರೆ’ ಎನ್ನದೆ ‘ಬಂದರೆ ಹೇಳ್ತೀನಿ’ ಎಂದು ಭೂತಕಾಲದ ‘ಬಂದ’ವನ್ನು ಹಿಡಿಯುತ್ತೇವಲ್ಲ? ಇಂಗ್ಲಿಷ್ ವರ್ತಮಾನವನ್ನು ಹಿಡಿಯುತ್ತದೆ: ‘ಇಫ್ ಹಿ ಕಮ್ಸ್, ಐ ವಿಲ್ ಟೆಲ್ ಹಿಮ್’.