ಥರ್ಮಾಕೋಲ್ ಗ್ಲೈಡರ್ ಆಯ್ತು, ಮುಂದೇನು?

ಪ್ರಶ್ನೆ: ಎರಡು ವರ್ಷದಿಂದ 2 ಮೀಟರ್ ರೆಕ್ಕೆಯ ಥರ್ಮಾಕೋಲ್ ರಿಮೋಟ್ ಗ್ಲೈಡರ್ ಹಾರಿಸುತ್ತಿದ್ದೇನೆ. ಎಡ-ಬಲ ತಿರುಗಿಸುವ ರಡ್ಡರ್, ಮೂಗು ಮೇಲೆ-ಕೆಳಗೆ ಮಾಡುವ ಎಲಿವೇಟರ್, ಮೋಟರ್ ಅಷ್ಟೇ ಇರೋದು. ಈಗ 4 ಮೀಟರಿನ ಕಾರ್ಬನ್ ಎಫ್5ಜೆ (ಮೋಟರಿನಲ್ಲಿ ಏರಿ, ಆಮೇಲೆ ಆಫ್ ಮಾಡಿ ತೇಲಿಸುವ ಸ್ಪರ್ಧೆಯ) ಗ್ಲೈಡರ್ ಮೇಲೆ ಕಣ್ಣು ಬಿದ್ದಿದೆ. ದುಡ್ಡು ಕೂಡಿಟ್ಟಿದ್ದೇನೆ. ತಗೊಳ್ಳಲಾ ಸಾರ್?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ತಗೊಳ್ಳಿ, ಆದರೆ ಈ ವರ್ಷ ಬೇಡ. ಥರ್ಮಾಕೋಲ್ ವಿಮಾನ ನಮ್ಮ ತಪ್ಪನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಕಾರ್ಬನ್ ರೆಕ್ಕೆಗೆ ಗಾಳಿಯ ತಡೆ ಕಡಿಮೆ, ಮೂಗು ಚೂರು ಬಗ್ಗಿದರೂ ವೇಗ ಏರುತ್ತದೆ, ಇಳಿಸೋಕೆ ಬಂದರೆ ಮೊಣಕಾಲೆತ್ತರದಲ್ಲಿ ತೇಲಿಕೊಂಡು ಹೋಗುತ್ತಲೇ ಇರುತ್ತದೆ. ನನ್ನ ಮೊದಲನೆಯದು ಹಾಗೇ ಮೈದಾನ ದಾಟಿ ಪಕ್ಕದ ಜೋಳದ ಹೊಲಕ್ಕೆ ನುಗ್ಗಿತು. ಬಾಲ ಮುರಿಯಿತು, ಹೊಲದವರ ಬೈಗುಳ ಬೇರೆ.

ಅದಕ್ಕೇ ನೀವು ಮೊದಲು ಕಲಿಯಬೇಕಾದದ್ದು ಬ್ರೇಕು. ರೆಕ್ಕೆಯ ಹಿಂದಿನ ಅಂಚಿನಲ್ಲಿ ಬುಡದ ಕಡೆ ಇರುವ ಪಟ್ಟಿಗಳು, ಅಂದರೆ ಎರಡೂ ಫ್ಲ್ಯಾಪ್ ಕೆಳಗೆ; ತುದಿಯ ಕಡೆಯವು, ಅಂದರೆ ಎರಡೂ ಏಲೆರಾನ್ ಮೇಲೆ. ಫ್ಲ್ಯಾಪ್ ಇಳಿಸಿದ ಕೂಡಲೇ ಮೂಗು ಮೇಲೇಳುತ್ತದೆ, ಹಾಗಾಗಿ ಎಲಿವೇಟರ್ ತಾನಾಗಿ ಸ್ವಲ್ಪ ಕೆಳಗೆ ಹೋಗುವಂತೆ ರಿಮೋಟಿನಲ್ಲೇ ಮಿಕ್ಸಿಂಗ್ ಇಡಬೇಕು. ಎಷ್ಟು ಅಂತ ಮೇಲೆ ಎತ್ತರದಲ್ಲಿದ್ದಾಗಲೇ ನೋಡಿಕೊಳ್ಳಿ, ನೆಲದ ಹತ್ತಿರ ಪ್ರಯೋಗ ಬೇಡ.

ಇದನ್ನೆಲ್ಲ ಕಲಿಯೋಕೆ ಫ್ಲ್ಯಾಪ್ ಇರುವ 2.5 ರಿಂದ 3 ಮೀಟರಿನ ಸೆಕೆಂಡ್ ಹ್ಯಾಂಡ್ ಗ್ಲೈಡರ್ ಸಾಕು. ನನ್ನನ್ನು ಕೇಳಿದರೆ ಎಫ್3ಕೆ ಅನ್ನೋ ಕೈಯಿಂದ ಎಸೆಯುವ ಗ್ಲೈಡರ್ ಇನ್ನೂ ಒಳ್ಳೆಯ ಗುರು: 1.5 ಮೀಟರ್ ರೆಕ್ಕೆ, ಮೋಟರೇ ಇಲ್ಲ, ರೆಕ್ಕೆಯ ತುದಿ ಹಿಡಿದು ಡಿಸ್ಕಸ್ ಥರ ತಿರುಗಿ ಎಸೆಯುವುದು. ಸಿಕ್ಕ ಎತ್ತರದಲ್ಲೇ ಥರ್ಮಲ್, ಅಂದರೆ ಮೇಲೇಳುವ ಬಿಸಿಗಾಳಿ ಹುಡುಕಬೇಕು, ಇಲ್ಲಾಂದ್ರೆ ವಾಪಸ್ ಕೈಗೆ.

ಎಫ್5ಜೆ ಸ್ಪರ್ಧೆಯ ಲೆಕ್ಕವೂ ಇದನ್ನೇ ಕೇಳುತ್ತದೆ. ಮೋಟರ್ ಹೆಚ್ಚೆಂದರೆ 30 ಸೆಕೆಂಡ್, ಆಮೇಲೆ ಬರೀ ಗಾಳಿ. ಏರಿದ ಪ್ರತಿ ಮೀಟರಿಗೆ ಅರ್ಧ ಅಂಕ ಕಟ್, 200 ಮೀಟರ್ ದಾಟಿದರೆ ಮೀಟರಿಗೆ 3. ಗುರುತಿನ 1 ಮೀಟರ್ ಒಳಗೆ ಇಳಿಸಿದರೆ 50 ಅಂಕ. ಹದ್ದು ಎಲ್ಲಿ ಸುತ್ತುತ್ತಿದೆ ಅಂತ ನೋಡಿ ಅಲ್ಲಿಗೆ ಹೋಗುವ ಅಭ್ಯಾಸ ಇಲ್ಲದಿದ್ದರೆ ದುಬಾರಿ ರೆಕ್ಕೆ ಸುಮ್ನೆ, ಅಲ್ವಾ?

ಇನ್ನೊಂದು ಮಾತು, ರಿಮೋಟ್ ಗ್ಲೈಡರಿಗೂ ಡ್ರೋನ್ ನಿಯಮವೇ; ನಮ್ಮಲ್ಲಿ ಅದರ ಹಸಿರು ವಲಯ (ಮೊದಲೇ ಅನುಮತಿ ಬೇಡದ ಜಾಗ) ಅಂದರೂ 400 ಅಡಿವರೆಗೆ ಮಾತ್ರ, ಅಂದರೆ ಸುಮಾರು 120 ಮೀಟರ್. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಮೈದಾನ ಯಾವ ಬಣ್ಣದಲ್ಲಿದೆ ಅಂತ ಇವತ್ತೇ ನೋಡಿಕೊಳ್ಳಿ.